ಸಿ. ಕೆ. ಪ್ರಹ್ಲಾದ್: ಸಂಸ್ಥೆಗಳ ಬೇರನ್ನು ಅರಸಿದ ವಿದ್ವಾಂಸ

ಕೊಯಮತ್ತೂರು ಕೃಷ್ಣರಾವ್ ಪ್ರಹ್ಲಾದ್ ಅವರು ಉದ್ಯಮಗಳ ಕಾರ್ಯತಂತ್ರವನ್ನು ಅಧ್ಯಯನ ಮಾಡಿ ಜಗತ್ಪ್ರಸಿದ್ಧರಾದ ಪ್ರಾಧ್ಯಾಪಕರು. 1941ರ ಆಗಸ್ಟ್ 8ರಂದು ಕೊಯಮತ್ತೂರಿನಲ್ಲಿ, ಕನ್ನಡ ಮನೆಮಾತಿನ ಕುಟುಂಬವೊಂದರಲ್ಲಿ ಜನಿಸಿದರು. ತಮಿಳು ನಾಡಿನಲ್ಲಿ ಹುಟ್ಟಿ ಮನೆಯಲ್ಲಿ ಕನ್ನಡವಾಡುವ ಪಾಲಕೋಡಿನ ನಮ್ಮ ಮಕ್ಕಳು ಅವರನ್ನು ಅರಿತಿರಬೇಕೆಂಬುದು ನಮ್ಮ ಆಶಯ.

ಮದರಾಸಿನ ಲೊಯೋಲಾ ಕಾಲೇಜಿನಲ್ಲಿ ಭೌತಶಾಸ್ತ್ರದ ಪದವಿ ಪಡೆದ ಅವರು, 19ನೆಯ ವಯಸ್ಸಿಗೇ ಯೂನಿಯನ್ ಕಾರ್ಬೈಡ್ ಸಂಸ್ಥೆಯನ್ನು ಸೇರಿ ನಾಲ್ಕು ವರ್ಷ ದುಡಿದರು. ಅನಂತರ ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿ ಓದಿ 1966ರಲ್ಲಿ ಹೊರಬಂದರು. 1975ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದು, ಅಹಮದಾಬಾದಿನಲ್ಲಿ ಕೆಲಕಾಲ ಬೋಧಿಸಿ, ಬಳಿಕ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದರು.

ಗ್ಯಾರಿ ಹ್ಯಾಮೆಲ್ ಅವರೊಡನೆ 1990ರಲ್ಲಿ ಬರೆದ ಲೇಖನವೊಂದು ಅವರಿಗೆ ಹೆಸರು ತಂದಿತು. ಉದ್ಯಮವನ್ನು ಮರಕ್ಕೆ ಹೋಲಿಸಿದರೆ ಮಾರಾಟದ ವಸ್ತುಗಳು ಎಲೆ, ಹೂ, ಹಣ್ಣುಗಳು. ಬಹುಕಾಲ ಕಲಿತು ರೂಢಿಸಿಕೊಂಡ ಸಾಮರ್ಥ್ಯವೇ ಬೇರು. ಹೋಂಡಾ ಸಂಸ್ಥೆ ಬೈಕು, ಕಾರು, ಹುಲ್ಲು ಕತ್ತರಿಸುವ ಯಂತ್ರಗಳನ್ನೆಲ್ಲ ಮಾಡುತ್ತದೆ. ಇವೆಲ್ಲದರ ಬೇರು ಎಂಜಿನ್ ನಿರ್ಮಾಣದ ಪರಿಣತಿ. ಇತರರು ಹಣ್ಣನ್ನು ಅನುಕರಿಸಬಹುದು, ಬೇರನ್ನು ಅನುಕರಿಸುವುದು ಕಷ್ಟ ಎಂಬುದೇ ಈ ವಾದದ ತಿರುಳು.

2004ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವರು ಬಡವರತ್ತ ದೃಷ್ಟಿ ಹರಿಸಿದರು. ಬಡವರು ದಾನಕ್ಕೆ ಕಾದಿರುವವರಲ್ಲ, ಬೆಲೆ ತಿಳಿದು ಕೊಳ್ಳಬಲ್ಲ ಗ್ರಾಹಕರು; ಅವರ ಕೈಗೆಟುಕುವಂತೆ ಒಳ್ಳೆಯ ಸೇವೆಯನ್ನು ರೂಪಿಸುವುದು ಉದ್ಯಮಗಳಿಗೆ ಸಾಧ್ಯವೆಂದರು. 1976ರಲ್ಲಿ 11 ಹಾಸಿಗೆಗಳೊಡನೆ ಆರಂಭವಾದ ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆ ಅವರು ನೀಡಿದ ಉದಾಹರಣೆಗಳಲ್ಲೊಂದು. ಹಣ ತೆರಬಲ್ಲವರಿಂದ ಬಂದ ವರಮಾನದಲ್ಲಿ ತೆರಲಾರದವರಿಗೂ ಅಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತದೆ.

ಈ ವಾದಕ್ಕೆ ಆಕ್ಷೇಪವೂ ಬಂತು. ಅದೇ ವಿಶ್ವವಿದ್ಯಾಲಯದ ಅನೀಲ್ ಕರ್ನಾಣಿ ಅವರು, ಬಡವರನ್ನು ಕೊಳ್ಳುವವರೆಂದಷ್ಟೇ ನೋಡಿದರೆ ಬಡತನ ನೀಗದು, ಉತ್ಪಾದಕರೆಂದು ಕಂಡು ಅವರ ಆದಾಯವನ್ನು ಹೆಚ್ಚಿಸಬೇಕು ಎಂದರು. ಟೊಮೆಟೊ ಮತ್ತು ಮಾವು ಬೆಳೆಯುವ ನಮ್ಮ ಸೀಮೆಯವರಿಗೆ ಈ ಆಕ್ಷೇಪ ಬೇಗ ಮನದಟ್ಟಾಗುತ್ತದೆ. ಅಗ್ಗದ ಸಾಬೂನು ದೊರೆತರೂ ಬೆಳೆದ ಬೆಳೆಗೆ ಬೆಲೆ ಸಿಗದಿದ್ದರೆ ಮನೆಯ ಲೆಕ್ಕ ಕೂಡಿಬರುವುದಿಲ್ಲ. ಆದರೂ ರೈತರು ಹಳ್ಳಿಯಲ್ಲೇ ಗಣಕಯಂತ್ರದ ಮೂಲಕ ಪೇಟೆಯ ಧಾರಣೆ ತಿಳಿಯುವ ಇ-ಚೌಪಾಲ್ ವ್ಯವಸ್ಥೆಯನ್ನು ಪ್ರಹ್ಲಾದರ ಗ್ರಂಥವೇ ವಿವರಿಸಿದೆ ಎಂಬುದನ್ನು ಮರೆಯಲಾಗದು.

2009ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ನೀಡಿತು. 2010ರ ಏಪ್ರಿಲ್ 16ರಂದು ಅವರು ಅಮೆರಿಕದಲ್ಲಿ ನಿಧನರಾದರು.

ಮೇಲಿನ ತರಗತಿಗಳಲ್ಲಿ ವಾಣಿಜ್ಯಶಾಸ್ತ್ರವನ್ನು ಆಯ್ದುಕೊಳ್ಳಲಿರುವ ಮಕ್ಕಳು ಈ ವಾದ, ಪ್ರತಿವಾದಗಳೆರಡನ್ನೂ ಓದಲಿ. ಊರಿನ ಸಂತೆ, ಹಾಲಿನ ಸಂಘ, ಸಕ್ಕರೆ ಕಾರ್ಖಾನೆಗಳ ಬಲ ಎಲ್ಲಿದೆ, ಕೊರತೆ ಎಲ್ಲಿದೆ ಎಂದು ಹಿರಿಯರನ್ನು ಕನ್ನಡದಲ್ಲಿಯೇ ಕೇಳಿ ಬರೆದಿಡಲಿ. ಅಧ್ಯಯನ ಅಲ್ಲಿಂದಲೇ ತೊಡಗಬಹುದು.