ಸೂರ್ಯನಮಸ್ಕಾರದ ರೂಪಾಂತರಗಳು

ರಥಸಪ್ತಮಿಯಂದು ದೊಡ್ಡಬಳ್ಳಾಪುರ, ದೇವನಹಳ್ಳಿಗಳಂಥ ಊರುಗಳಲ್ಲಿ 108 ಸೂರ್ಯನಮಸ್ಕಾರಗಳನ್ನು ಹಾಕುವವರನ್ನು ಕಾಣುತ್ತೇವೆ. ತಾವು ಅನುಸರಿಸುವ ಹನ್ನೆರಡು ಸ್ಥಿತಿಗಳ ಕ್ರಮವು ವೇದಕಾಲದಿಂದ ಅವಿಚ್ಛಿನ್ನವಾಗಿ ಬಂದುದೆಂದು ಅನೇಕರು ನಂಬಿರುತ್ತಾರೆ. ಈ ನಂಬಿಕೆಗೆ ಎಷ್ಟರಮಟ್ಟಿನ ಆಧಾರವಿದೆಯೆಂಬುದನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಸೂರ್ಯನನ್ನು ವಂದಿಸುವ ಆಚಾರವು ಪ್ರಾಚೀನವೆಂಬುದು ನಿರ್ವಿವಾದ. ಋಗ್ವೇದದ ಮೊದಲ ಮಂಡಲದ 50ನೆಯ ಸೂಕ್ತದ ಕೊನೆಯ ಮೂರು ಋಕ್ಕುಗಳನ್ನು ಹೇಳಿ ಮಾಡುವ ತೃಚಕಲ್ಪ ನಮಸ್ಕಾರವನ್ನು ವೈದಿಕರು ಬಲ್ಲರು. ಆದರೆ ಅಲ್ಲಿ ಪ್ರಧಾನವಾದುದು ಮಂತ್ರ. ದೇಹಕ್ಕೆ ಉಳಿದುದು ಸಾಷ್ಟಾಂಗ ಪ್ರಣಾಮವಷ್ಟೆ. ಅಂಗಸಾಧನೆಯ ಕ್ರಮವನ್ನು ಹುಡುಕಬೇಕಾದರೆ ನಾವು ದೇವರಮನೆಯನ್ನು ಬಿಟ್ಟು ಗರಡಿಮನೆಗೆ ಹೋಗಬೇಕಾಗುತ್ತದೆ. ಪೈಲ್ವಾನರ ದಂಡಕ್ಕೂ ನಮಸ್ಕಾರದ ನಡುವಣ ಸ್ಥಿತಿಗಳಿಗೂ ಇರುವ ಸಾಮ್ಯವು ಎದ್ದುಕಾಣುವಂಥದು. 1896ರ ‘ವ್ಯಾಯಾಮ ದೀಪಿಕೆ’ಯಲ್ಲಿ ದಂಡದ ಹಲವು ಬಗೆಗಳಿರುವುದನ್ನು ನಾರ್ಮನ್ ಸ್ಯೋಮನ್ ಅವರು 1996ರಲ್ಲಿ ವಿದ್ವಾಂಸರ ಗಮನಕ್ಕೆ ತಂದರು.

ಈ ಎರಡನ್ನೂ ಬೆಸೆದು ಜನಸಾಮಾನ್ಯರ ವ್ಯಾಯಾಮವನ್ನಾಗಿ ಪ್ರಚುರಪಡಿಸಿದವರಲ್ಲಿ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿಯವರು ಅಗ್ರಗಣ್ಯರು. 1928ರ ಅವರ ಇಂಗ್ಲಿಷ್ ಗ್ರಂಥದಲ್ಲಿರುವುದು ಹತ್ತು ಸ್ಥಿತಿಗಳು, ಹನ್ನೆರಡಲ್ಲ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸುತ್ತಿದ್ದ ಕೆ. ವಿ. ಅಯ್ಯರ್ ಅವರು 1937ರಲ್ಲಿ ಇದೇ ವಿಷಯವನ್ನು ಕುರಿತು ಪುಸ್ತಕ ಬರೆದರು. ‘ಶಾಂತಲಾ’ ಕಾದಂಬರಿಯ ಕರ್ತೃವೆಂದೇ ಅವರನ್ನು ಬಲ್ಲ ಓದುಗರಿಗೆ ಇದು ಸೋಜಿಗವೆನಿಸಬಹುದು. ಅಯ್ಯರ್ ಅವರಿಗೆ ನಮಸ್ಕಾರವು ದೇಹದಾರ್ಢ್ಯದ ಸಾಧನ.

ಮೈಸೂರಿನ ಸಂಗತಿ ಇನ್ನೂ ಕುತೂಹಲಕರವಾದುದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ಆರಂಭಿಸಿದರು. ಅಲ್ಲಿ ಸೂರ್ಯನಮಸ್ಕಾರದ ತರಗತಿಯು ಯೋಗಾಸನದ ತರಗತಿಯಿಂದ ಬೇರೆಯಾಗಿಯೇ ನಡೆಯುತ್ತಿತ್ತೆಂದು ಮಾರ್ಕ್ ಸಿಂಗಲ್ಟನ್ ಅವರು 2010ರ ತಮ್ಮ ಗ್ರಂಥದಲ್ಲಿ ಹೇಳುತ್ತಾರೆ. ಇದು ದಿಟವಾದರೆ, ಇಂದು ಯೋಗದ ಮೊದಲ ಪಾಠವೆನಿಸಿದುದನ್ನು ಅಂದು ಯೋಗವೆಂದೇ ಎಣಿಸುತ್ತಿರಲಿಲ್ಲ. ಕೃಷ್ಣಮಾಚಾರ್ಯರ ಕನ್ನಡ ಕೃತಿ ‘ಯೋಗಮಕರಂದ’ (1934) ಚತುರಂಗದಂಡಾಸನ, ಊರ್ಧ್ವಮುಖಶ್ವಾನಾಸನ, ಅಧೋಮುಖಶ್ವಾನಾಸನಗಳನ್ನು ವಿನ್ಯಾಸಸಂಖ್ಯೆಯೊಡನೆ ನಿರೂಪಿಸುತ್ತದೆ. ಅವರ ಶಿಷ್ಯರಾದ ಪಟ್ಟಾಭಿ ಜೋಯಿಸರ ‘ಯೋಗಮಾಲಾ’ (1962) ಎಂಬ ಕನ್ನಡ ಗ್ರಂಥದಲ್ಲಿ ಇವೇ ಸ್ಥಿತಿಗಳು ಸೇರಿ ಎರಡು ಬಗೆಯ ನಮಸ್ಕಾರಗಳಾಗಿವೆ; ಮೊದಲನೆಯದಕ್ಕೆ ಒಂಬತ್ತು ವಿನ್ಯಾಸ, ಎರಡನೆಯದಕ್ಕೆ ಹದಿನೇಳು. ಒಂದೊಂದು ಚಲನೆಗೂ ಪೂರಕ ಅಥವಾ ರೇಚಕ ನಿಯತವಾಗಿದೆ.

ಇಲ್ಲಿ ಆದ ಒಂದು ಮಾರ್ಪಾಡು ನಮ್ಮ ಅಭಿಪ್ರಾಯದಲ್ಲಿ ಅತಿ ಮುಖ್ಯವಾದುದು. ಔಂಧ್ ಕ್ರಮದಲ್ಲಿ ಸಾಧಕನ ಹಣೆ, ಎದೆ, ಕೈ, ಮಂಡಿ, ಕಾಲ್ಬೆರಳುಗಳು ನೆಲವನ್ನು ಮುಟ್ಟುತ್ತವೆ. ಅದು ನಿಜಕ್ಕೂ ಸಾಷ್ಟಾಂಗ. ಜೋಯಿಸರ ಕ್ರಮದಲ್ಲಾದರೋ ದೇಹವು ಅಂಗೈ ಮತ್ತು ಕಾಲ್ಬೆರಳುಗಳ ಮೇಲೆಯೇ ನಿಂತು, ನೆಲದಿಂದ ತುಸು ಮೇಲೆ ಉಳಿಯುತ್ತದೆ. ಹೆಸರು ನಮಸ್ಕಾರವೆಂದೇ ಉಳಿಯಿತು. ಅಡ್ಡಬೀಳುವ ಕ್ರಿಯೆ ಮಾತ್ರ ತೊಲಗಿ ಅದರ ಸ್ಥಾನಕ್ಕೆ ಗರಡಿಯ ದಂಡವು ಬಂದಿತು. ಶಾಲೆಗಳಲ್ಲಿ ಬಳಕೆಯಲ್ಲಿರುವ ಹನ್ನೆರಡು ಸ್ಥಿತಿಗಳ ಪಾಠದಲ್ಲಿ ಆ ಪ್ರಣಾಮವು ಆರನೆಯ ಸ್ಥಿತಿಯಾಗಿ ಇಂದಿಗೂ ಉಳಿದಿದೆ.