ಮೋಂ ಬ್ಲಾಂ: ಆರೋಹಣದ ಇತಿಹಾಸ

ಫ್ರಾನ್ಸ್ ಮತ್ತು ಇಟಲಿಯ ಗಡಿಯಲ್ಲಿರುವ ಮೋಂ ಬ್ಲಾಂ ಆಲ್ಪ್ಸ್ ಪರ್ವತಶ್ರೇಣಿಯ ಅತ್ಯುನ್ನತ ಶಿಖರ. ನೆತ್ತಿಯ ಮೇಲಿನ ಹಿಮ ಹೆಚ್ಚುಕಡಿಮೆಯಾಗುವುದರಿಂದ ಅದರ ಎತ್ತರ ಸ್ಥಿರವಲ್ಲ: 2021ರ ಅಳತೆಯಲ್ಲಿ 4,807.81 ಮೀಟರ್ ಇದ್ದದ್ದು 2023ರಲ್ಲಿ 4,805.59 ಮೀಟರಿಗೆ ಇಳಿದಿತ್ತು. ಶಿಖರ ಪೂರ್ತಿ ತನ್ನದೆಂಬುದು ಫ್ರಾನ್ಸಿನ ನಿಲುವು. ಗಡಿರೇಖೆ ನೆತ್ತಿಯ ಮೇಲೇ ಹಾದಿದೆಯೆಂಬುದು ಇಟಲಿಯದು. ಈ ವಿವಾದ ಇನ್ನೂ ಬಗೆಹರಿದಿಲ್ಲ.

ಶಿಖರಕ್ಕೆ ದಾರಿ ಕಂಡುಹಿಡಿದವರಿಗೆ ಜಿನೀವಾದ ವಿಜ್ಞಾನಿ ದ ಸೊಸೂರ್ 1760ರಲ್ಲಿ ಬಹುಮಾನ ಘೋಷಿಸಿದ. 1786ರ ಆಗಸ್ಟ್ 8ರ ಸಂಜೆ ತಪ್ಪಲಿನ ಊರಾದ ಶಮೊನಿಯ ವೈದ್ಯ ಮಿಶೆಲ್-ಗಾಬ್ರಿಯೆಲ್ ಪಕ್ಕಾರ್ ಮತ್ತು ಸ್ಫಟಿಕ ಹುಡುಕುವ ಕಸುಬಿನ ಜಾಕ್ ಬಾಲ್ಮಾ ನೆತ್ತಿ ಮುಟ್ಟಿದರು. ಹಗ್ಗವಿರಲಿಲ್ಲ, ಏಣಿಯಿರಲಿಲ್ಲ, ಆದರೆ ಪಕ್ಕಾರನ ಬಳಿ ವಾಯುಭಾರಮಾಪಕವಿತ್ತು.

ಕೀರ್ತಿ ಯಾರದೆಂಬ ಜಗಳ ಆಗಲೇ ಶುರುವಾಯಿತು. ತಾನೇ ಹತ್ತಲು ಹೋಗಿ ಸೋತಿದ್ದ ಲೇಖಕ ಬೂರಿ, ಕೆಲವೇ ವಾರಗಳಲ್ಲಿ ಪ್ರಕಟಿಸಿದ ಬರಹದಲ್ಲಿ ಬಾಲ್ಮಾನನ್ನು ಹೊಗಳಿ ಪಕ್ಕಾರನನ್ನು ಕಡೆಗಣಿಸಿದ. ಇದನ್ನು ಅಲ್ಲಗಳೆಯುವ, ಬಾಲ್ಮಾನ ಸಹಿಯುಳ್ಳ ಹೇಳಿಕೆಯೊಂದು 1787ರಲ್ಲಿ ಲೋಜಾನ್ ಪತ್ರಿಕೆಯಲ್ಲಿ ಬಂದರೂ ಅದರ ಸಾಚಾತನವನ್ನೇ ಪ್ರಶ್ನಿಸಲಾಯಿತು. ಪಕ್ಕಾರ್ 1827ರಲ್ಲಿ ತೀರಿಕೊಂಡ. ಐದು ವರ್ಷಗಳ ನಂತರ ಕಾದಂಬರಿಕಾರ ಅಲೆಕ್ಸಾಂದ್ರ್ ದ್ಯುಮಾ ಮುದುಕ ಬಾಲ್ಮಾನ ಬಾಯಿಂದ ಕೇಳಿ ಬರೆದ ಕಥನದಲ್ಲಿ ವೈದ್ಯ ಬರೀ ಹೊರೆಯಾದ. ಪ್ರತ್ಯುತ್ತರ ಕೊಡಬೇಕಾದವನೇ ಇರಲಿಲ್ಲವಾದ್ದರಿಂದ ಅದೇ ಇತಿಹಾಸವಾಗಿ ನಿಂತಿತು. ಶಮೊನಿಯಲ್ಲಿ 1887ರಲ್ಲಿ ನಿಲ್ಲಿಸಿದ ಸ್ಮಾರಕದಲ್ಲಿ ಸೊಸೂರ್ ಮತ್ತು ಬಾಲ್ಮಾ ಇದ್ದಾರೆ, ಪಕ್ಕಾರ್ ಇಲ್ಲ.

ಈ ಅನ್ಯಾಯವನ್ನು ತಿದ್ದಿದ್ದು ಜರ್ಮನ್ ಪ್ರವಾಸಿ ಗೆರ್ಸ್‌ಡಾರ್ಫ್‌ನ ದಿನಚರಿ. 1786ರ ಆ ಸಂಜೆ ಕಣಿವೆಯಿಂದ ದೂರದರ್ಶಕದಲ್ಲಿ ಆರೋಹಣವನ್ನು ನೋಡುತ್ತ ಅವನು ಮಾಡಿಕೊಂಡ ಟಿಪ್ಪಣಿ ಮತ್ತು ರೇಖಾಚಿತ್ರಗಳು ಇಪ್ಪತ್ತನೆಯ ಶತಮಾನದಲ್ಲಿ ವಿದ್ವಾಂಸರ ಕೈಸೇರಿದವು. ಇಬ್ಬರೂ ಸರಿಸಮನಾಗಿ ಹತ್ತಿದರೆಂಬುದಕ್ಕೆ ಇವು ಬಲವಾದ ಆಧಾರ. ಯಾರ ಪಕ್ಷವನ್ನೂ ವಹಿಸದ, ಅಂದೇ ಬರೆದಿಟ್ಟ ಸಾಕ್ಷ್ಯವಾದ್ದರಿಂದ ನಂತರದ ಕಥನಗಳಿಗಿಂತ ಇವುಗಳ ತೂಕ ಹೆಚ್ಚು. ಪಕ್ಕಾರನ ಪ್ರತಿಮೆ ಶಮೊನಿಗೆ ಬಂದದ್ದು ದ್ವಿಶತಮಾನೋತ್ಸವದ ವರ್ಷ, 1986ರಲ್ಲಿ.

ಆ ಮೊದಲ ಆರೋಹಣದ ಬಳಿಕ ಸೊಸೂರ್ 1787ರಲ್ಲಿ, ಮಹಿಳೆಯರಲ್ಲಿ ಮೊದಲಿಗಳಾಗಿ ಮಾರಿ ಪಾರಾದಿ 1808ರಲ್ಲಿ ಶಿಖರ ಏರಿದರು. 1820ರ ಹಿಮಕುಸಿತದಲ್ಲಿ ಮೂವರು ಮಾರ್ಗದರ್ಶಿಗಳು ಸತ್ತ ಮರುವರ್ಷ ಶಮೊನಿಯ ಮಾರ್ಗದರ್ಶಿಗಳ ಸಂಘ ಹುಟ್ಟಿತು.

ಭಾರತೀಯರಿಗೆ ಈ ಪರ್ವತದ ನೆನಪು ನೋವಿನದು. ಏರ್ ಇಂಡಿಯಾದ ಎರಡು ವಿಮಾನಗಳು, 1950ರಲ್ಲಿ ‘ಮಲಬಾರ್ ಪ್ರಿನ್ಸೆಸ್’ ಮತ್ತು 1966ರಲ್ಲಿ ‘ಕಾಂಚನಜುಂಗಾ’, ಇಲ್ಲಿ ಅಪ್ಪಳಿಸಿದವು. ಎರಡನೆಯದರಲ್ಲಿ ಮಡಿದ 117 ಜನರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಹೋಮಿ ಭಾಭಾ ಒಬ್ಬರು. ಬೊಸೋಂ ಹಿಮನದಿ ಕರಗಿದಂತೆಲ್ಲ ಅವಶೇಷಗಳು ಹೊರಬರುತ್ತಿವೆ. ಇಂದಿರಾ ಗಾಂಧಿ ಪ್ರಧಾನಿಯಾದ ಸುದ್ದಿಯುಳ್ಳ ಪತ್ರಿಕೆಗಳು 2020ರಲ್ಲಿ ಸಿಕ್ಕವು.

ಇಂದು ಹೆಚ್ಚಿನವರು ಹಿಡಿಯುವುದು ಗೂತೆ ದಾರಿ. ಬೆಟ್ಟದ ರೈಲು ಏರುವ 2,372 ಮೀಟರ್ ಎತ್ತರದ ನೀ ದೆಗ್ಲ್‌ನಿಂದ ತೇತ್ ರೂಸ್ ತಂಗುಮನೆಗೆ, ಅಲ್ಲಿಂದ 3,835 ಮೀಟರ್ ಎತ್ತರದ ಗೂತೆ ತಂಗುಮನೆಗೆ ಹೋಗಬೇಕು. ನಡುವೆ ಅಡ್ಡಹಾಯಬೇಕಾದ ಕಲ್ಲುಕೊರಕಲು ಇಡೀ ದಾರಿಯಲ್ಲೇ ಅತ್ಯಂತ ಅಪಾಯದ ಜಾಗ. ಬಂಡೆಗಳನ್ನು ಹಿಡಿದಿಟ್ಟಿದ್ದ ಹಿಮ ಸಡಿಲವಾಗಿ ಕಲ್ಲುಗಳು ಉರುಳುತ್ತವೆ. 2019ರಿಂದ ಈ ದಾರಿಯಲ್ಲಿ ತಂಗಲು ಮುಂಗಡ ಕಾಯ್ದಿರಿಸುವುದು ಕಡ್ಡಾಯ. ತೀವ್ರ ಬಿಸಿಲಿನ 2022ರ ಆಗಸ್ಟಿನಲ್ಲಿ ಕಲ್ಲುಬೀಳುವಿಕೆ ಹೆಚ್ಚಿದ್ದರಿಂದ ಎರಡೂ ತಂಗುಮನೆಗಳನ್ನು ತಾತ್ಕಾಲಿಕವಾಗಿ ಮುಚ್ಚಲಾಯಿತು.