ಹೆಬ್ಬೆಟ್ಟು ಯಾರದು, ಭಯ ಯಾರಿಗೆ?

1858ನೆಯ ಇಸವಿಯ ಜುಲೈ ತಿಂಗಳು. ಹಿಂದಿನ ವರ್ಷದ ದಂಗೆಯ ಕೆಂಡ ಇನ್ನೂ ಪೂರ್ತಿ ಆರಿರಲಿಲ್ಲ. ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಜೇಮ್ಸ್ ಹರ್ಷೆಲ್ ಎಂಬ ತರುಣ ಅಧಿಕಾರಿ, ರಸ್ತೆ ಕೆಲಸಕ್ಕೆ ಬೇಕಾದ ಕಂಕರನ್ನು ಒದಗಿಸುವ ಬಗ್ಗೆ ರಾಜ್ಯಧರ ಕೋನಾಯಿ ಎಂಬಾತನೊಡನೆ ಒಂದು ಕರಾರು ಮಾಡಿಕೊಂಡನು. ಕರಾರನ್ನು ಕೋನಾಯಿಯೇ ತನ್ನ ಕೈಯಾರೆ ಬರೆದಿದ್ದನು. ಇನ್ನೇನು ರುಜು ಬೀಳಬೇಕು ಎನ್ನುವಾಗ ಹರ್ಷೆಲನಿಗೆ ಏನು ತೋಚಿತೋ, ಕಚೇರಿಯ ಮೊಹರಿಗೆ ಬಳಸುತ್ತಿದ್ದ ಎಣ್ಣೆಶಾಯಿಯನ್ನು ಕೋನಾಯಿಯ ಅಂಗೈಗೆ ಬಳಿದು, ಕಾಗದದ ಹಿಂಬದಿಗೆ ಒತ್ತಿಸಿಬಿಟ್ಟನು. ಮುಂದೆ ‘ಈ ರುಜು ನನ್ನದಲ್ಲ’ ಎನ್ನುವ ಯೋಚನೆಯೇ ಆ ಮನುಷ್ಯನಿಗೆ ಬಾರದಿರಲಿ ಎಂದು ಹೆದರಿಸುವುದಷ್ಟೇ ತನ್ನ ಉದ್ದೇಶವಾಗಿತ್ತೆಂದು ಹರ್ಷೆಲನೇ ಮುಂದೆ ಬರೆದುಕೊಂಡಿದ್ದಾನೆ.

ಓದುಬರಹ ಬಾರದವರಿಗಾಗಿ ಹೆಬ್ಬೆಟ್ಟು ಹುಟ್ಟಿತೆಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಅನಕ್ಷರಸ್ಥರನ್ನು ‘ಹೆಬ್ಬೆಟ್ಟಿನವರು’ ಎಂದು ಹಂಗಿಸುವ ರೂಢಿಯೂ ಉಂಟು. ಆದರೆ ಸರ್ಕಾರಿ ಕಾಗದದ ಮೇಲೆ ಹರ್ಷೆಲ್ ಮೊದಲು ಒತ್ತಿಸಿದ ಗುರುತು ಅಕ್ಷರ ಬಲ್ಲವನ ಕೈಯದು. ಕೊರತೆ ಇದ್ದುದು ವಿದ್ಯೆಯಲ್ಲಲ್ಲ, ನಂಬಿಕೆಯಲ್ಲಿ.

ನಂಬಿಕೆಯ ಈ ಪ್ರಶ್ನೆ ಕಂಪನಿ ಸರ್ಕಾರದೊಡನೆ ಹಡಗಿನಲ್ಲಿ ಬಂದದ್ದೇನೂ ಅಲ್ಲ. ವಿಜಯನಗರದ ಅರಸರ ತಾಮ್ರಶಾಸನಗಳನ್ನು ಕಂಡವರಿಗೆ ಗೊತ್ತು: ಬರಹವೆಲ್ಲ ನಾಗರಿಯಲ್ಲಿದ್ದರೂ ಕೊನೆಯಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತ ಮಾತ್ರ ಕನ್ನಡ ಅಕ್ಷರಗಳಲ್ಲಿರುತ್ತದೆ. ಅದೇ ದೊರೆಯ ಒಪ್ಪ. ಒಪ್ಪವೆಂದ ಮೇಲೆ ಕಳ್ಳ ಒಪ್ಪವೂ ಇದ್ದೇ ಇರುತ್ತದೆ. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳು ಆಮೇಲಿನವರು ಭೂಮಿಯ ಆಸೆಗೆ ಸೃಷ್ಟಿಸಿದವೆಂದು ಶಾಸನತಜ್ಞ ಫ್ಲೀಟ್ ವಾದಿಸಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿದ್ದನು.

ಹರ್ಷೆಲನ ಹುಚ್ಚು ಅಂಗೈಯಿಂದ ಬೆರಳಿಗೆ ಇಳಿಯಿತು. 1877ರಲ್ಲಿ ಹೂಗ್ಲಿಯ ಮ್ಯಾಜಿಸ್ಟ್ರೇಟನಾಗಿದ್ದಾಗ ಆತ ಪಿಂಚಣಿದಾರರಿಂದಲೂ, ಪತ್ರ ನೋಂದಾಯಿಸುವವರಿಂದಲೂ, ಜೈಲಿನ ಕೈದಿಗಳಿಂದಲೂ ಬೆರಳಚ್ಚು ತೆಗೆಸತೊಡಗಿದನು. ಸತ್ತವರ ಪಿಂಚಣಿಯನ್ನು ಬದುಕಿದ್ದವರು ಎಣಿಸಿಕೊಳ್ಳುವ ವಿದ್ಯೆ ಅಂದೂ ಇತ್ತು! ಪ್ರಾಂತವೆಲ್ಲಕ್ಕೂ ಇದನ್ನು ಹರಡಬೇಕೆಂದು ಮೇಲಿನವರಿಗೆ ಬರೆದ ಪತ್ರಕ್ಕೆ ಮಾತ್ರ ಫಲ ಸಿಗಲಿಲ್ಲ. ಇಪ್ಪತ್ತು ವರ್ಷಗಳ ಮೇಲೆ, 1897ರಲ್ಲಿ, ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆಯಿತು. ಅಲ್ಲಿ ಅಚ್ಚುಗಳನ್ನು ವಿಂಗಡಿಸುವ ಲೆಕ್ಕಾಚಾರಕ್ಕೆ ಬೆವರು ಸುರಿಸಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಪದ್ಧತಿಗೆ ಅಂಟಿದ್ದು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು. ಜನರನ್ನು ಗುರುತಿಸುವ ಶಾಸ್ತ್ರವೇ ತನ್ನ ಜನಕರನ್ನು ಗುರುತಿಸದೆ ಹೋದ ಕಥೆ ಇದು.

ಇನ್ನು ಪಾಸ್‌ವರ್ಡಿನ ಮಾತು. ಅದು ಕಚೇರಿಯ ಕೂಸಲ್ಲ, ವಿದ್ಯಾಲಯದ್ದು. ಅಮೆರಿಕದ ಎಂ.ಐ.ಟಿ.ಯಲ್ಲಿ 1960ರ ದಶಕದ ಆರಂಭದಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳಬೇಕಾಗಿ ಬಂದಾಗ ಕೊರ್ಬಾಟೊ ಮತ್ತು ಸಂಗಡಿಗರು ಪ್ರತಿಯೊಬ್ಬರಿಗೂ ಒಂದು ಗುಟ್ಟಿನ ಮಾತು ಕೊಟ್ಟರು. 1962ರಲ್ಲಿಯೇ ಅಲನ್ ಶೆರ್ ಎಂಬ ವಿದ್ಯಾರ್ಥಿ, ತನಗೆ ಕೊಟ್ಟ ಯಂತ್ರಕಾಲ ಸಾಲದೆಂದು, ಗುಟ್ಟಿನ ಮಾತುಗಳ ಪಟ್ಟಿಯನ್ನೇ ಅದೇ ಯಂತ್ರದಿಂದ ಅಚ್ಚು ಹಾಕಿಸಿಕೊಂಡನು. 1979ರಲ್ಲಿ ಮಾರಿಸ್ ಮತ್ತು ಥಾಂಪ್ಸನ್ ಎಂಬ ತಜ್ಞರು ಜನ ಬಳಸುತ್ತಿದ್ದ 3,289 ಪಾಸ್‌ವರ್ಡುಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 2,831, ಎಂದರೆ ನೂರಕ್ಕೆ 86, ತೀರ ಚಿಕ್ಕವೋ ನಿಘಂಟಿನ ಪದಗಳೋ ಆಗಿದ್ದು ಸುಲಭವಾಗಿ ಸಿಕ್ಕಿಬಿದ್ದವು. ಅಂಕಿ ಸೇರಿಸಿ, ಚಿಹ್ನೆ ಸೇರಿಸಿ, ಆಗಾಗ ಬದಲಿಸಿ ಎಂಬ ಉಪದೇಶ ಆಮೇಲೆ ಬಂತು. ಅದನ್ನು 2003ರಲ್ಲಿ ಅಮೆರಿಕ ಸರ್ಕಾರಕ್ಕಾಗಿ ಬರೆದ ಬಿಲ್ ಬರ್, ತಾನು ಹೇಳಿದ್ದರಲ್ಲಿ ಬಹುಪಾಲಿಗೆ ಈಗ ವಿಷಾದವಾಗುತ್ತಿದೆ ಎಂದು 2017ರಲ್ಲಿ ಹೇಳಿದನು. ಈ ನಿಯಮಗಳಿಂದ ನೊಂದ ವಾಚಕರಿಗೆ ಇದು ಕೊಂಚ ಸಮಾಧಾನ ತರಬಹುದು.

ನಮ್ಮ ನಾಡಿನಲ್ಲಿ ಈ ಎರಡು ಕಥೆಗಳೂ ಒಂದೆಡೆ ಕೂಡಿದ್ದು ಪಹಣಿಯ ವಿಷಯದಲ್ಲಿ. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯನ್ನು ಕೈಗೆತ್ತಿಕೊಂಡು, ಸುಮಾರು 67 ಲಕ್ಷ ರೈತರ 2 ಕೋಟಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಅದಕ್ಕೆ ಮುಂಚೆ ಪಹಣಿ ಸುಮಾರು 9,000 ಗ್ರಾಮಲೆಕ್ಕಿಗರ ಬಸ್ತೆಗಳಲ್ಲಿತ್ತು. ಲೆಕ್ಕಿಗನ ಮರ್ಜಿ ಕಾದು, ಕೈಬೆಚ್ಚಗೆ ಮಾಡಿ, ಒಂದು ನಕಲು ಪಡೆಯಬೇಕಾಗಿತ್ತು. ಕಾಲಂನಲ್ಲಿ ಹೆಸರು ಯಾವಾಗ ಬದಲಾಯಿತೆಂದು ಬಡ ರೈತನಿಗೆ ತಿಳಿಯುವ ಬಗೆಯೇ ಇರಲಿಲ್ಲ. ಹೊಸ ಏರ್ಪಾಟಿನಲ್ಲಿ 15 ರೂಪಾಯಿಗೆ ತಾಲೂಕು ಕಚೇರಿಯಲ್ಲಿ ಪಹಣಿ ಕೈಗೆ ಬಂತು.

ಇತಿಹಾಸದ ದೃಷ್ಟಿಗೆ ಮುಖ್ಯವಾದುದು ಇನ್ನೊಂದು ಸಂಗತಿ. ಆ ಕಂಪ್ಯೂಟರಿನೊಳಗೆ ಪ್ರವೇಶಿಸಲು ನೌಕರನಿಗೆ ಪಾಸ್‌ವರ್ಡ್ ಒಂದೇ ಸಾಲದು, ತನ್ನ ಬೆರಳನ್ನೂ ಒತ್ತಬೇಕೆಂದು ವಿಧಿಸಿದರು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಖಾತೆ ತಿದ್ದಬಾರದು. ತಿದ್ದಿದವರು ‘ನಾನಲ್ಲ’ ಎಂದು ಜಾರಿಕೊಳ್ಳಲೂಬಾರದು. ಹರ್ಷೆಲನ ಉದ್ದೇಶವೇ, ಅಕ್ಷರಶಃ! ಆದರೆ ಶಾಯಿ ಹತ್ತಿದ ಕೈ ಬೇರೆ. ಜಂಗೀಪುರದಲ್ಲಿ ಸರ್ಕಾರ ಪ್ರಜೆಯ ಮೇಲಿನ ಅಪನಂಬಿಕೆಯಿಂದ ಅಂಗೈ ಒತ್ತಿಸಿತು; ಇಲ್ಲಿ ಪ್ರಜೆಯ ಪರವಾಗಿ ಅಧಿಕಾರಿಯ ಬೆರಳಚ್ಚು ಕೇಳಿತು. ನೂರನಲವತ್ತು ವರ್ಷಗಳಲ್ಲಿ ಆದ ಈ ತಿರುವು, ನನ್ನ ಮಟ್ಟಿಗೆ, ಯಂತ್ರವನ್ನು ತಂದದ್ದಕ್ಕಿಂತ ದೊಡ್ಡದು.

ಆಧಾರ್ ಬಂದ ಮೇಲೆ ಬೆರಳು ಮತ್ತೆ ಪ್ರಜೆಯದಾಯಿತು. ಬೆರಳಿನಲ್ಲಿ ಒಂದು ಹುಟ್ಟುದೋಷವಿದೆ: ಅದು ಗುಟ್ಟಲ್ಲ. ಮುಟ್ಟಿದ ಲೋಟದ ಮೇಲೂ ಅದರ ಗುರುತು ಉಳಿಯುತ್ತದೆ. ನೋಂದಾಯಿಸಿದ ಕ್ರಯಪತ್ರದ ಮೇಲಂತೂ ಕಪ್ಪಗೆ ಕೂತಿರುತ್ತದೆ. 2023ರಲ್ಲಿ ಬೆಂಗಳೂರಿನಲ್ಲಿ ಬೆಳಕಿಗೆ ಬಂದ ವಂಚನೆಗಳಲ್ಲಿ ಕಳ್ಳರು ಹಿಡಿದ ದಾರಿ ಇದೇ. ಆಸ್ತಿಪತ್ರದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಸಂಖ್ಯೆಯ ಜೊತೆಗೆ ಬಳಸಿ, ಪತ್ರ ಮಾಡಿಸಿದವರ ಬ್ಯಾಂಕಿನ ಹಣವನ್ನೇ ಎಳೆದುಕೊಂಡರು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಬೆರಳನ್ನು ಬದಲಿಸುವುದೆಂತು? ಗುರುತಿನ ಪ್ರಾಧಿಕಾರದಲ್ಲಿ ಅದಕ್ಕೆ ಬೀಗ ಹಾಕಿಸಿಡುವ ಸೌಕರ್ಯ ಉಂಟು, ಬಳಸುವವರು ಬಳಸಲಿ.

ಎಸ್ಟೋನಿಯಾದ ಅನುಭವವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹದಿಮೂರು ಲಕ್ಷ ಜನರ ಆ ಪುಟ್ಟ ದೇಶ 2002ರಿಂದ ಪ್ರಜೆಗಳಿಗೆ ಗುರುತಿನ ಚೀಟಿಯಲ್ಲಿಯೇ ಗಣಿತದ ಕೀಲಿಕೈಯನ್ನು ಅಡಗಿಸಿ ಕೊಟ್ಟಿತು. 2005ರ ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಒಂಬತ್ತು ಸಾವಿರಕ್ಕೂ ಮೇಲ್ಪಟ್ಟ ಮತದಾರರು ಆ ಚೀಟಿಯ ಬಲದಿಂದ ಅಂತರ್ಜಾಲದಲ್ಲೇ ಮತ ಹಾಕಿದರು. 2017ರಲ್ಲಿ ಆ ಕೀಲಿಕೈಗಳಲ್ಲಿ ದೋಷವಿರುವುದನ್ನು ಸಂಶೋಧಕರು ಕಂಡುಹಿಡಿದಾಗ ಸುಮಾರು 7,60,000 ಚೀಟಿಗಳು ಅಪಾಯಕ್ಕೆ ಸಿಕ್ಕವು. ಸರ್ಕಾರ ಅದನ್ನು ಮುಚ್ಚಿಡದೆ ಸಾರಿತು. ನವೆಂಬರಿನಲ್ಲಿ ಹಳೆಯ ಕೀಲಿಗಳನ್ನು ಅಮಾನತ್ತಿನಲ್ಲಿಟ್ಟು, ಮನೆಯಲ್ಲಿ ಕುಳಿತೇ ಹೊಸದನ್ನು ಪಡೆಯುವ ದಾರಿ ಮಾಡಿಕೊಟ್ಟಿತು. ಬದಲಿಸಬಹುದಾದುದನ್ನು ಆರಿಸಿಕೊಂಡಿದ್ದರಿಂದ ಆ ಜನ ಬಚಾವಾದರು.

ಈಗ ‘ಪಾಸ್‌ಕೀ’ ಎಂಬ ಹೆಸರಿನಲ್ಲಿ ಮೊಬೈಲುಗಳಿಗೆ ಬಂದಿರುವುದೂ ಇದೇ ಜಾತಿಯ ಕೀಲಿ. ಡಿಫಿ ಮತ್ತು ಹೆಲ್‌ಮನ್ ಎಂಬಿಬ್ಬರು 1976ರಲ್ಲಿ ಪ್ರಕಟಿಸಿದ ಜೋಡಿಕೀಲಿಯ ತತ್ತ್ವ ಅದರ ಮೂಲ. ಕಚೇರಿ ಪ್ರತಿಸಲವೂ ಹೊಸದೊಂದು ಸಂಖ್ಯೆಯನ್ನು ಕಳುಹಿಸುತ್ತದೆ. ಮೊಬೈಲು ತನ್ನೊಳಗಿನ ಕೀಲಿಯಿಂದ ಅದಕ್ಕೆ ಒಪ್ಪ ಹಾಕಿ ಹಿಂತಿರುಗಿಸುತ್ತದೆ. ಕೀಲಿ ಮಾತ್ರ ಹೊರಗೆ ಹೋಗುವುದಿಲ್ಲ. ಬೆರಳನ್ನು ಇಲ್ಲಿಯೂ ಒತ್ತಬಹುದು, ಆದರೆ ಅದು ಸ್ವಂತ ಮೊಬೈಲಿನ ಚಿಲಕ ತೆಗೆಯಲು ಮಾತ್ರ. ಅದರ ಅಚ್ಚು ಕಚೇರಿಯ ಕಡತ ಸೇರುವುದಿಲ್ಲ. ಓ.ಟಿ.ಪಿ.ಯನ್ನು ಫೋನಿನಲ್ಲಿ ನಯವಾಗಿ ಕೇಳಿ ಕದಿಯುವಂತೆ ಇದನ್ನು ಕದಿಯಲಾಗದು. ಕಚೇರಿಯ ಹೆಸರಿನ ನಕಲಿ ತಾಣಕ್ಕೆ ಅದು ಉತ್ತರವನ್ನೇ ಕೊಡದು.

ಆದರೆ ಕೀಲಿ ಇರುವುದು ಮೊಬೈಲಿನಲ್ಲಿ, ಮೊಬೈಲು ಇರುವುದು ಮಗನ ಜೇಬಿನಲ್ಲಿ. ಹಳ್ಳಿಯ ಅಜ್ಜಿ ವಿಧವಾವೇತನದ ಅರ್ಜಿಗೆ ಸೇವಾಕೇಂದ್ರಕ್ಕೆ ಬಂದರೆ ಗುಂಡಿ ಒತ್ತುವವನು ಅಲ್ಲಿಯ ಹುಡುಗ, ಸಂಖ್ಯೆ ಓದಿ ಹೇಳುವವನು ಪಕ್ಕದಲ್ಲಿ ನಿಂತವನು. ಅರ್ಜಿ ಹಾಕಿದ್ದು ತಾನೇ ಹೌದೆಂಬುದಕ್ಕೆ ಆಕೆಯ ಬಳಿ ಉಳಿಯುವುದು ಒಂದು ರಸೀತಿ. ಅದನ್ನು ಆಕೆ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತುತ್ತಾಳೆ.